ಪೂಜೆಗೆ ಕೂತ ಬಟನ್‌ಗಳು

ಕಂಪ್ಯೂಟರ್ ಕೆಲಸದಲ್ಲಿ ನಗುವಂಥದ್ದೇನೂ ಇರುವುದಿಲ್ಲ ಎಂದು ಓದುವಾಗ ನಂಬಿದ್ದೆ. ಕೆಲಸಕ್ಕೆ ಸೇರಿದ ಮೇಲೆ ವಾರಕ್ಕೊಂದು ನಗುವಾದರೂ ತಪ್ಪಲಿಲ್ಲ. ಕುವೆಂಪುನಗರದಲ್ಲಿ ನಮ್ಮ ಆಫೀಸಿದ್ದ ಮಹಡಿಯಲ್ಲಿ ಈಗ ಯೋಗ ಹೇಳಿಕೊಡುತ್ತಾರೆ. ಆ ರಸ್ತೆಯಲ್ಲಿ ನನ್ನ ಸ್ಕೂಟರ್ ತಾನಾಗಿ ನಿಧಾನವಾಗುತ್ತದೆ. ಹಳೆಯ ಸ್ಕೂಟರ್, ಬೇರೆ ಅರ್ಥ ಬೇಡ.

ಹನ್ನೊಂದು ಥರ

ನಮ್ಮದು ಮೂರು ಆ್ಯಪ್. ಮೂರರಲ್ಲೂ ಸೇರಿ ‘ಸೇವ್’ ಬಟನ್ ಹನ್ನೊಂದು ಥರ ಇತ್ತು. ಬಟನ್, ಫಾರಂ ಎಲ್ಲವನ್ನೂ ಒಮ್ಮೆ ಸರಿಯಾಗಿ ಮಾಡಿ ಒಂದೆಡೆ ಇಡಿ, ಎಲ್ಲ ಆ್ಯಪ್‌ಗಳೂ ತೆರೆದಾಗಲೆಲ್ಲ ಅಲ್ಲಿಂದಲೇ ತೆಗೆದುಕೊಳ್ಳಲಿ ಎಂದು ಕಂಪನಿಯ ಮಾಲೀಕರಾದ ಸಾಹೇಬರು ನನ್ನನ್ನೂ ಒಬ್ಬ ಗೆಳೆಯನನ್ನೂ ಕೂರಿಸಿದರು. ಇದಕ್ಕೆ ಕಾಂಪೊನೆಂಟ್ ಲೈಬ್ರರಿ ಎನ್ನುತ್ತಾರೆ.

ತಿಂಗಳಾದ ಮೇಲೆ ಕೇಳಿದರು, “ಈಗ ಎಷ್ಟು ಥರ ಇದೆ?”

“ನಮ್ಮದೂ ಸೇರಿ ಹನ್ನೆರಡು, ಸಾರ್.”

ಶೇಡ್ ಕಾರ್ಡ್

ಸಾಹೇಬರ ಲಕ್ಷ್ಮೀಪುರಂ ಮನೆಗೆ ಆಗ ಬಣ್ಣ ಬಳಿಸುತ್ತಿದ್ದರು. ಪೇಂಟ್ ಅಂಗಡಿಯ ಶೇಡ್ ಕಾರ್ಡ್ ತಂದು, “ಬಟನ್‌ಗೂ ಇದೇ ಹಸಿರು ಇರಲಿ” ಎಂದರು. ಹಾಕಿದೆವು. ಮರುವಾರ, “ಮನೆಯವರು ಒಪ್ಪಲಿಲ್ಲ ಕಣ್ರೀ, ನೀಲಿ ಮಾಡಿ.”

ಒಂದು ಸಾಲು ಬದಲಾಯಿಸಿದೆ. ನಮ್ಮ ಲೈಬ್ರರಿಯ ಎಲ್ಲ ಬಟನ್ ನೀಲಿಯಾದವು. ಲೈಬ್ರರಿಯ ಮಹಿಮೆ ಇದೇ ಎಂದು ತೋರಿಸಿದೆ.

“ಎರಡು ನಿಮಿಷದ ಕೆಲಸಕ್ಕೆ ಇಬ್ಬರು ಯಾಕೆ?” ಎಂದರು.

ನೋಡೋಣ

ಆಮೇಲೆ ಗಡುವು ಬಂತು. ದಸರಾ ಮುಗಿಯುವುದರೊಳಗೆ ಒಂದು ಆ್ಯಪಾದರೂ ನಮ್ಮ ಲೈಬ್ರರಿ ಬಳಸಬೇಕು, ಇಲ್ಲದಿದ್ದರೆ ನಾವಿಬ್ಬರೂ ಟೆಸ್ಟಿಂಗ್‌ಗೆ. ಅಂದರೆ ದಿನವಿಡೀ ಬೇರೆಯವರ ಬಟನ್ ಒತ್ತುವುದು.

ಮೂರೂ ಆ್ಯಪ್ ನೋಡಿಕೊಳ್ಳುತ್ತಿದ್ದ ಮೇಡಂ ಹತ್ತಿರ ಹೋಗಿ, ಒಂದಕ್ಕಾದರೂ ನಮ್ಮ ಲೈಬ್ರರಿ ಹಾಕಿ ಎಂದು ಕೇಳಿದೆ.

“ನೋಡೋಣ ಸಾರ್” ಎಂದರು.

ಮೈಸೂರಿನಲ್ಲಿ ಹುಟ್ಟಿ ಬೆಳೆದವನು ನಾನು, ‘ನೋಡೋಣ’ ಎಂದರೆ ‘ಆಗಲ್ಲ’ ಎಂದು ಗೊತ್ತು. ಹೋಗಿ ಗೆಳೆಯನಿಗೆ, “ಟೆಸ್ಟಿಂಗ್ ಕಲಿಯಪ್ಪ” ಎಂದೆ.

ಆಯುಧಪೂಜೆ

ಲೈಬ್ರರಿ ಇದ್ದದ್ದು ಆಫೀಸಿನ ಮೂಲೆಯ ಹಳೆಯ ಕಂಪ್ಯೂಟರಿನಲ್ಲಿ. ಆಯುಧಪೂಜೆಯ ದಿನ ಸಾಹೇಬರೇ ಅದನ್ನು ಆಫ್ ಮಾಡಿ, ಕುಂಕುಮವಿಟ್ಟು, ಸೇವಂತಿಗೆ ಹಾರ ಹಾಕಿದರು. ಯಾರೂ ಬಳಸದ ಯಂತ್ರ, ನಾನೂ ಕೈಮುಗಿದೆ.

ಕಡ್ಲೆಪುರಿ ಹಂಚುವಷ್ಟರಲ್ಲಿ ಗಿರಾಕಿಯೊಬ್ಬರ ಫೋನ್ ಬಂತು. ಮೊದಲ ಆ್ಯಪಿನಲ್ಲಿ ಒಂದೂ ಬಟನ್ ಇಲ್ಲ. ಮತ್ತೆ ಫೋನ್, ಎರಡನೆಯದರಲ್ಲೂ ಇಲ್ಲ. ಮೂರನೆಯದೂ ಅಷ್ಟೇ.

ಎಲ್ಲರೂ ಮೇಡಂ ಕಡೆ ತಿರುಗಿದೆವು.

“ನೋಡೋಣ ಅಂದಿದ್ನಲ್ಲ ಸಾರ್. ನೋಡ್ದೆ, ಚೆನ್ನಾಗಿತ್ತು, ಮೂರಕ್ಕೂ ಹಾಕ್ಬುಟ್ಟೆ. ಹೇಳ್ಬೇಕಿತ್ತಾ?”

ನಮ್ಮ ಕೆಲಸ ಉಳಿಯಿತು. ಸ್ವಿಚ್ ಒತ್ತಲು ಹೋದೆ. ಸಾಹೇಬರು ಕೈ ಹಿಡಿದರು. ಪೂಜೆಗಿಟ್ಟ ಯಂತ್ರವನ್ನು ನಾಳೆ ಬೆಳಗಿನವರೆಗೂ ಮುಟ್ಟುವಂತಿಲ್ಲ ಎಂದರು.

ಮೂರನೆಯ ಗಿರಾಕಿ, ಒಬ್ಬ ಡಾಕ್ಟರು, ಇನ್ನೂ ಲೈನಿನಲ್ಲಿದ್ದರು. ಸಾಹೇಬರು ನಿಜವನ್ನೇ ಹೇಳಿದರು: “ಬಟನ್‌ಗಳನ್ನ ಪೂಜೆಗೆ ಇಟ್ಟಿದೀವಿ ಡಾಕ್ಟ್ರೇ. ವಿಜಯದಶಮಿಗೆ ಬರ್ತವೆ.”

ಬೈಗುಳ ಬರುತ್ತದೆಂದು ಕಾದೆವು.

“ಅಂಗಾದ್ರೆ ಮುಟ್ಬೇಡಿ ಬಿಡಿ” ಎಂದರು ಡಾಕ್ಟರು. “ನಮ್ಮ ಕಂಪ್ಯೂಟರ್ಗೂ ಬೆಳಿಗ್ಗೇನೇ ಹಾರ ಹಾಕಿದೀವಿ. ದೇವರ ಮುಂದೆ ಬರೀ ಕಪ್ಪು ಪರದೆ ಇದ್ರೆ ಚೆನ್ನಾಗಿರಲ್ಲ ಅಂತ ನಿಮ್ಮ ಆ್ಯಪ್ ಹಾಕಿಟ್ಟಿದ್ದೆ, ಅಷ್ಟೆ.”