ಜುಬೇದಮ್ಮನ ನಿಂಬೆಗಿಡಕ್ಕೆ ತಗುಲಿದ ದೃಷ್ಟಿ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗಿರುವುದು ಯಾರೂ ಕೇಳದಿದ್ದರೂ ಉಪಕಾರ ಮಾಡುವ ಚಟ. ಮೊದಲಿನ ಎರಡರಲ್ಲಿ ಚಟ ಇದ್ದವನು ಹಾಳಾಗುತ್ತಾನೆ. ನನ್ನದರಲ್ಲಿ ಉಳಿದವರು ಹಾಳಾಗುತ್ತಾರೆ. ಒಮ್ಮೆ ಆಫೀಸಿನಲ್ಲಿ ಪಕ್ಕದವರು ರಜೆಯಲ್ಲಿದ್ದಾಗ ಅವರ ಮೇಜನ್ನು ಚೊಕ್ಕ ಮಾಡಿಟ್ಟೆ. ಪಾಪ, ಬಂದವರು ಒಂದು ಫೈಲಿಗಾಗಿ ವಾರಪೂರ್ತಿ ಹುಡುಕಿದರು. "ನೀವು ಸುಮ್ಮನೆ ಕೂತರೆ ಅದೇ ದೊಡ್ಡ ಉಪಕಾರ ಮಾರಾಯ್ರೆ" ಎಂದು ನನ್ನ ಹೆಂಡತಿ ಸುಮಿತ್ರಾ ಹೇಳುತ್ತಲೇ ಇರುತ್ತಾಳೆ. ಕೂರುವುದು ನನ್ನ ಜಾಯಮಾನದಲ್ಲಿಲ್ಲ.

ನಮ್ಮ ಮನೆ ಭದ್ರಾವತಿಯ ಜನ್ನಾಪುರದಲ್ಲಿ. ಬೆಳಿಗ್ಗೆ ಶಿವಮೊಗ್ಗದ ಆಫೀಸಿಗೆ ಬಸ್ಸು ಹತ್ತುತ್ತೇನೆ, ಸಂಜೆ ಅದೇ ಬಸ್ಸಿನಲ್ಲಿ ನಿಂತುಕೊಂಡು ವಾಪಸ್ಸು. ಹಿತ್ತಲಲ್ಲಿ ಒಂದು ನಿಂಬೆಗಿಡ ಇದೆ. ಕಳೆದ ಮಳೆಗಾಲದಲ್ಲಿ ಅದರ ಎಲೆಯ ಮೇಲೆಲ್ಲ ಕಂದು ಚುಕ್ಕೆ ಎದ್ದವು. ಬೆರಳಾಡಿಸಿದರೆ ಒರಟು, ಸುತ್ತ ಹಳದಿ ಬಳೆ. ನಾನೇ ಪರೀಕ್ಷೆ ಮಾಡಿ ನಾನೇ ವೈದ್ಯ ಶುರು ಮಾಡಿದೆ. ಹಲ್ಲು ಕೀಳಿಸಿಕೊಂಡಾಗ ಉಳಿದಿದ್ದ ಮಾತ್ರೆಗಳನ್ನು ಕುಟ್ಟಿ, ನೀರಿನಲ್ಲಿ ಕದಡಿ ಬುಡಕ್ಕೆ ಹೊಯ್ದೆ. ಗಿಡ ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಹೊಸದಾಗಿ ಗಿಡ ಕತ್ತರಿಸುವ ಕತ್ತರಿ ತಂದು, ಜಿಟಿಜಿಟಿ ಮಳೆಯಲ್ಲೇ ನಿಂತು ಹುಳುಕು ಕಂಡ ಕೊಂಬೆಯನ್ನೆಲ್ಲ ಕತ್ತರಿಸಿದೆ. ಹೊಸ ಕತ್ತರಿ ಕೈಗೆ ಬಂದವನಿಗೆ ಒಂದು ಗಿಡ ಯಾವ ಮೂಲೆಗೆ? ಕಾಂಪೌಂಡಿನ ಆಚೆ ಜುಬೇದಮ್ಮನ ನಿಂಬೆಗಿಡ ದಟ್ಟವಾಗಿ ಬೆಳೆದು ನಿಂತಿತ್ತು. "ಒಣಕಡ್ಡಿ ತೆಗೆದುಕೊಡ್ತೀನಿ" ಎಂದು ಅಲ್ಲಿಗೂ ನುಗ್ಗಿದೆ. ಅವರು ಖುಷಿಯಾಗಿ ಚಾ ಕೊಟ್ಟರು.

ಜುಬೇದಮ್ಮನ ಯಜಮಾನರು ಲಾರಿ ಮೆಕ್ಯಾನಿಕ್ಕಾಗಿದ್ದರು, ಈಗಿಲ್ಲ. ಆ ಗಿಡ ಅವರು ನೆಟ್ಟದ್ದು. ಅದರ ಕಾಯಿಯ ಉಪ್ಪಿನಕಾಯಿ ಪ್ರತಿ ವರ್ಷ ನಮ್ಮ ಬೀದಿಯ ಎಲ್ಲ ಮನೆಗೂ ಬರುತ್ತದೆ. ಎರಡು ಮೂರು ವಾರ ಕಳೆದಿರಬೇಕು, ಆ ಗಿಡದ ಎಲೆಯ ಮೇಲೂ, ಎಳೆಕಾಯಿಯ ಮೇಲೂ ಚುಕ್ಕೆ ಎದ್ದವು. ಜುಬೇದಮ್ಮ ಗಿಡಕ್ಕೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. "ನಜರ್ ಆಗಿದೆ ಸಾರ್. ನಮ್ಮ ನಾದಿನಿ ಶಮೀಮ್‌ದೇ. ಕುಂಸಿಯಿಂದ ಬಂದವಳು ಗಿಡದ ಮುಂದೆ ನಿಂತು, ಭಾಭಿ, ಎಲೆಗಿಂತ ಕಾಯಿನೇ ಜಾಸ್ತಿ ಇದೆಯಲ್ಲ ಅಂದಳು. ಅವತ್ತೇ ಅಂದ್ಕೊಂಡೆ" ಎಂದರು. ಶಮೀಮ್ ಫೋನ್ ಮಾಡಿದರೆ ಎತ್ತುವುದನ್ನು ಬಿಟ್ಟರು. ಮುಂದಿನ ತಿಂಗಳು ಶಮೀಮ್ ಮಗಳ ಮದುವೆ. ಮನೆಗೆ ಹಿರಿಯರಾಗಿ ಉಳಿದಿರುವವರು ಇವರೊಬ್ಬರೇ. "ನಾನು ಹೋಗಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟರು.

ನಾನು ವಿಜ್ಞಾನದ ಪರ. "ದೃಷ್ಟಿಗಿಷ್ಟಿ ಎಲ್ಲ ಸುಳ್ಳು ಜುಬೇದಮ್ಮ, ರುಜುವಾತು ತರ್ತೀನಿ ನೋಡಿ" ಎಂದು ಎರಡೂ ಗಿಡದ ಎಲೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡು, ಅರ್ಧ ದಿನ ರಜೆ ಹಾಕಿ ಶಿವಮೊಗ್ಗದ ನವುಲೆಯ ಕೃಷಿ ಕಾಲೇಜಿಗೆ ಹೋದೆ. ಅಲ್ಲಿ ಗಿಡದ ರೋಗ ಬಲ್ಲ ಒಬ್ಬ ಮೇಡಂ ಎಲೆಯನ್ನು ತಿರುಗಿಸಿ ನೋಡಿ, "ಕಜ್ಜಿ ರೋಗ. ದುಂಡಾಣುವಿನಿಂದ ಬರೋದು" ಎಂದರು. ನಾನು ಗೆದ್ದವನಂತೆ ಕೂತೆ. "ಬಿಸಿಲು ಬಿದ್ದ ದಿನ ರೋಗದ ಕೊಂಬೆ ತೆಗೆದು ಸುಟ್ಟುಬಿಡಿ. ಆಮೇಲೆ ತಾಮ್ರದ ಔಷಧಿ ಸಿಂಪಡಿಸಿ. ಎಲೆಯಲ್ಲಿ ಬಿಳಿ ಗೆರೆ ಎಳೆಯೋ ರಂಗೋಲಿ ಹುಳನ್ನೂ ಬಿಡಬೇಡಿ, ಅದು ಮಾಡಿದ ಗಾಯದಲ್ಲಿ ರೋಗ ಒಳಗೆ ಹೋಗುತ್ತೆ. ಗಿಡ ಒದ್ದೆ ಇರುವಾಗ ಮಾತ್ರ ಮುಟ್ಟಲೇಬೇಡಿ" ಎಂದವರು, ಕನ್ನಡಕದ ಮೇಲಿಂದ ನೋಡಿ ಕೇಳಿದರು: "ಒಂದು ಗಿಡ ಕತ್ತರಿಸಿದ ಕತ್ತರೀನ ಸ್ಪಿರಿಟ್‌ನಲ್ಲಿ ಒರೆಸದೆ ಇನ್ನೊಂದಕ್ಕೆ ಹಾಕಿಲ್ಲ ತಾನೆ?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಬಲಗೈಯನ್ನು ಜೇಬಿಗೆ ಹಾಕಿಕೊಂಡೆ. ಹಲ್ಲಿನ ಮಾತ್ರೆಯ ವಿಷಯವನ್ನೂ ಹೇಳಿದೆ. "ಅದನ್ನ ಹಲ್ಲಿಗೇ ಬಿಡಿ ಸಾರ್" ಎಂದರು.

ಬಸ್ಸಿನಲ್ಲಿ ಬರುವಾಗ ನಿಜವಾಗಿಯೂ ನಾಚಿಕೆಯಾಯಿತು. ನನ್ನ ಕತ್ತರಿ ಮಾಡಿದ ಕೆಲಸಕ್ಕೆ ಕುಂಸಿಯಲ್ಲಿ ಒಬ್ಬ ಹೆಣ್ಣುಮಗಳು ಸುಮ್ಮಸುಮ್ಮನೆ ಅಳುತ್ತಿದ್ದಾಳೆ. ಆದರೆ ಅದೇ ಬಸ್ಸಿನಲ್ಲಿ ಇನ್ನೊಂದು ಯೋಚನೆಯೂ ಬಂತು. ಈ ರೋಗ ಗಾಳಿ ಮಳೆಯಲ್ಲೂ ಹರಡುತ್ತದಂತೆ, ಅದನ್ನೂ ಮೇಡಂ ಹೇಳಿದ್ದರು. ಹಾಗಾದರೆ ಕತ್ತರಿಯ ಮಾತು ಯಾಕೆ? ಮನೆ ಮುಟ್ಟಿದೊಡನೆ ಜುಬೇದಮ್ಮನಿಗೆ ಗಾಳಿ ಮಳೆಯ ಕಥೆಯನ್ನಷ್ಟೇ ಹೇಳಿದೆ. ಅವರು ಪೂರ್ತಿ ಕೇಳಿ, "ಗಾಳಿ ಮಳೆ ಎಲ್ಲರ ಮನೆಗೂ ಬಂತು ಸಾರ್. ಶಮೀಮ್ ನನ್ನ ಮನೆಗೆ ಮಾತ್ರ ಬಂದಳು" ಎಂದರು. ಕಾಂಪೌಂಡಿನ ಈಚೆ ಬಟ್ಟೆ ಹಿಂಡುತ್ತಿದ್ದ ಸುಮಿತ್ರಾ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. ಮಳೆಯಲ್ಲಿ ನಮ್ಮ ರೋಗದ ಗಿಡ ಕತ್ತರಿಸಿದ ಕತ್ತರಿಯನ್ನೇ ಹಿಡಿದು ಆಚೆ ಹೋದದ್ದನ್ನು ನೋಡಿದವಳು ಅವಳೊಬ್ಬಳೇ.

ಬೇರೆ ದಾರಿ ಇರಲಿಲ್ಲ, ಹೇಳಿಬಿಟ್ಟೆ. ನಮ್ಮ ಗಿಡದ ರೋಗ, ಒರೆಸದ ಕತ್ತರಿ, ನಾನೇ ಹಚ್ಚಿದ್ದು, ಶಮೀಮ್ ಕಡೆಯಿಂದ ಏನೂ ಇಲ್ಲ ಎಂದೆಲ್ಲ. ಜುಬೇದಮ್ಮ ಒಳಗೆ ಹೋಗಿ ಫೋನ್ ತಂದು ನನ್ನೆದುರೇ ಕುಂಸಿಗೆ ಹಚ್ಚಿದರು. "ನಜರ್ ನಿಂದಲ್ಲ ಕಣೇ ಶಮೀಮ್! ನಮ್ಮ ಪಕ್ಕದ್ಮನೆ ಸಾರ್‌ದು! ಅವರೇ ಒಪ್ಕೊಂಡ್ರು!" ನಾನು "ನಜರ್ ಅಲ್ಲ, ದುಂಡಾಣು" ಎಂದು ತಿದ್ದಲು ಹೋದೆ. ಆದರೆ ಆ ಕಡೆಯಿಂದ ಅಳು ಕೇಳಿಸಿತು, ಈ ಕಡೆ ಜುಬೇದಮ್ಮನೂ ಕಣ್ಣೊರೆಸಿಕೊಳ್ಳುತ್ತಿದ್ದರು. ಸುಮ್ಮನಾದೆ.

ಬಿಸಿಲು ಬಂದ ಮೇಲೆ ಎರಡೂ ಗಿಡದ ರೋಗದ ಕೊಂಬೆ ಸುಟ್ಟು ಔಷಧಿ ಹೊಡೆದೆವು. ಕತ್ತರಿ ಸುಮಿತ್ರಾಳ ಕೈಯಲ್ಲಿತ್ತು, ಸ್ಪಿರಿಟ್ಟಿನ ಬಾಟ್ಲಿ ನನ್ನ ಕೈಯಲ್ಲಿ. ಚಿಗುರು ಚೊಕ್ಕವಾಗಿ ಬರುತ್ತಿದೆ. ಕುಂಸಿಯ ಮದುವೆಗೆ ಜುಬೇದಮ್ಮ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಶುಭಾಶಯ ಹೇಳಲು ಮದುಮಗಳ ಹತ್ತಿರ ಹೋಗಿ, "ಎಷ್ಟು ಲಕ್ಷಣವಾಗಿ ಕಾಣ್ತಾಳೆ" ಎಂದು ಬಾಯಿ ತೆರೆದಿದ್ದೆನಷ್ಟೆ. ಶಮೀಮ್ ಸರಕ್ಕನೆ ಮಧ್ಯೆ ಬಂದು ಮಗಳ ಮುಖದ ಮೇಲೆ ಸೆರಗು ಎಳೆದು, ನಗುನಗುತ್ತಲೇ, "ಊಟ ಆ ಕಡೆ ಇದೆ ಸಾರ್" ಎಂದರು. ನಾನು ಕಣ್ಣು ತಗ್ಗಿಸಿಕೊಂಡು ಊಟದ ಕಡೆ ನಡೆದೆ.