ಗಾಳಿಗೂ ಗೇಟ್ ಪಾಸ್

ನಮ್ಮ ಸೋದರಮಾವನ ಮನೆಯೊಳಗೆ ಗಾಳಿ ಸುಮ್ಮನೆ ನುಗ್ಗುವಂತಿಲ್ಲ. ಎಲ್ಲಿಂದ ಬಂತು, ಯಾಕೆ ಬಂತು, ಯಾವ ದಾರಿಯಿಂದ ಹೊರಗೆ ಹೋಗುತ್ತದೆ ಎಂಬ ಮೂರು ಪ್ರಶ್ನೆಗೆ ಉತ್ತರ ಕೊಟ್ಟೇ ಒಳಗೆ ಬರಬೇಕು! ನಂಬಿಕೆ ಬರುವುದಿಲ್ಲವೇ? ತಾಂಡೂರಿಗೆ ಬನ್ನಿ, ತೋರಿಸುತ್ತೇನೆ.

ಮಾಮಾ ನೌಕರಿ ಮುಗಿಸಿದ್ದು ಸಿಮೆಂಟ್ ಕಾರ್ಖಾನೆಯೊಂದರ ಗೇಟಿನಲ್ಲಿ. ಒಳಗೆ ಹೋದ ಲಾರಿ ಹೊರಗೆ ಬರುವ ತನಕ ಅವನಿಗೆ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲವಂತೆ. ಈಗ ಲಾರಿಗಳಿಲ್ಲ, ಗೇಟಿನ ಚಟ ಮಾತ್ರ ಉಳಿದಿದೆ. ಮನೆಗೆ ಯಾರೇ ಬರಲಿ, ಚಪ್ಪಲಿ ಬಿಡುವ ಮುಂಚೆಯೇ "ವಾಪಸ್ ಯಾವಾಗರಿ?" ಎನ್ನುತ್ತಾನೆ. ಬೀಗರು ಒಮ್ಮೆ ಚಪ್ಪಲಿ ಬಿಡದೆಯೇ ವಾಪಸಾಗಿದ್ದುಂಟು.

ಆದರೆ ಈ ಬೇಸಿಗೆಯ ಗಾಳಿ ವಿಚಾರಣೆ ಬರೀ ಚಟದ್ದಲ್ಲ. ಅತ್ತೆಗೆ, ಅಂದರೆ ಮಾಮಾನ ಹೆಂಡತಿಗೆ, ದಮ್ಮು; ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ ಬಂದಿದೆ. ಮನೆ ಹಳೆಯದು. ಮಲಗುವ ಕೋಣೆಗೆ ಎರಡು ಮೊಳ ದಪ್ಪದ ಗೋಡೆ, ಒಂದೇ ಬಾಗಿಲು, ತಟ್ಟೆಯಗಲದ ಒಂದು ಕಿಟಕಿ. ನೆಲಕ್ಕೆ ಹೊಸ ಪಾಲಿಶ್ ಕಲ್ಲು ಹಾಸಿಸಿ, ಗೋಡೆಗೆ ಬಣ್ಣ ಬಳಿಸಿ ಚೆಂದ ಮಾಡಿದ್ದಾಯಿತು. ಅಲ್ಲಿ ಅಡ್ಡಾದರೆ ಮಾತ್ರ ಅತ್ತೆಗೆ ಉಸಿರು ಹಿಡಿಯುತ್ತದೆ. ಎರಡು ತಿಂಗಳಿಂದ ಪಡಸಾಲೆಯಲ್ಲಿ ಬೆನ್ನಿಗೆ ಮೂರು ದಿಂಬು ಕೊಟ್ಟುಕೊಂಡು ಕುಳಿತೇ ನಿದ್ದೆ ಮಾಡುತ್ತಿದ್ದಳು. ಮಳೆ ಶುರುವಾದರೆ ಪಡಸಾಲೆಗೆ ಇರಚಲು ಹೊಡೆಯುತ್ತದೆ. ಆಮೇಲೆಲ್ಲಿ? "ಔಷಧಿ ನಡೀಲಿ, ಕೋಣೆಯೊಳಗೆ ಗಾಳಿನೂ ಆಡಲಿ" ಎಂದರು ಡಾಕ್ಟರು.

ಮಾಮಾ ಆ ಮಾತನ್ನು ಡ್ಯೂಟಿ ಆರ್ಡರಿನಂತೆ ತೆಗೆದುಕೊಂಡ. ಅತ್ತೆಯ ಹಳೆಯ ನಾರಾಯಣಪೇಟ ಸೀರೆಯಿಂದ ರೇಷ್ಮೆ ಎಳೆ ಬಿಡಿಸಿ, ಬಾಗಿಲು, ಕಿಟಕಿ, ಮೂಲೆ ಮೂಲೆಗೂ ತೂಗುಬಿಟ್ಟ. ಎಳೆ ಒಳಕ್ಕೆ ವಾಲಿದರೆ ಗಾಳಿ ಒಳಗೆ ಬಂತು, ಹೊರಕ್ಕೆ ವಾಲಿದರೆ ಹೊರಗೆ ಹೋಯಿತು. ನಾನು ಹೋದಾಗ ಮನೆ ಮದುವೆ ಚಪ್ಪರದಂತಿತ್ತು. ಒಂದು ಎಳೆ ನನ್ನ ಕನ್ನಡಕಕ್ಕೆ ಸಿಕ್ಕಿಕೊಂಡಿತು.

"ಅಲ್ಲಾಡಬ್ಯಾಡ ಅಳಿಯಾ! ನೀ ಬಂದಿದ್ದಕ್ಕ ಎಲ್ಲಾ ಗಾಳಿ ಕಲಸಿ ಹೋಗ್ಯಾದ!"

ಮೊದಲು ಬಂದವನು ಎ.ಸಿ. ಅಂಗಡಿಯವನು. "ಸಣ್ಣ ಸಂದಿನೂ ಬಿಡಬಾರದು ಸಾಬ್, ಎಲ್ಲಾ ಬಂದ್ ಮಾಡ್ಬೇಕ್ರಿ" ಎಂದ.

"ಅಂದ್ರ ನಿನ್ನಿ ಗಾಳಿನೇ ಇವತ್ತ, ಇವತ್ತಿಂದೇ ನಾಳಿಗಿ? ಅದೇನು ಉಳಿದ ಬ್ಯಾಳಿ ಏನಪಾ, ಮರುದಿನ ಮತ್ತ ಬಡಿಸಾಕ?"

ಅಂಗಡಿಯವನು ಬ್ಯಾಗು ಎತ್ತಿಕೊಂಡ. ಅವನು ಹೊರಗೆ ಹೋದದ್ದನ್ನೂ ಎಳೆ ನೋಡಿಯೇ ಖಾತ್ರಿ ಮಾಡಿಕೊಂಡ ಮಾಮಾ!

ಆಮೇಲೆ ಎಗ್ಜಾಸ್ಟ್ ಫ್ಯಾನು. ಕೋಣೆಯ ಹಿಂದಿನ ಗೋಡೆ ಕೊರೆಯಲು ಮೇಸ್ತ್ರಿಗೆ ಇಡೀ ದಿನ ಹಿಡಿಯಿತು. ಸ್ವಿಚ್ ಹಾಕಿದೊಡನೆ ಬಾಗಿಲಿನ ಎಳೆಗಳೆಲ್ಲ ಒಮ್ಮೆಗೇ ಒಳಕ್ಕೆ ತಿರುಗಿದವು. ಮಾಮಾ ಚಪ್ಪಾಳೆ ತಟ್ಟಿ, ಅತ್ತೆಯನ್ನು ಕರೆದುಕೊಂಡು ಹೋಗಿ ಮಂಚದ ಮೇಲೆ ಕೂರಿಸಿದ. ಆದರೆ ಕೋಣೆಯ ಬಾಗಿಲ ಎದುರಿಗೇ ಅಡುಗೆಮನೆ. ಅಲ್ಲಿ ಸೊಸೆ ಅದೇ ಹೊತ್ತಿಗೆ ಕಾದ ಎಣ್ಣೆಗೆ ಒಣಮೆಣಸಿನಕಾಯಿ ಹಾಕಿದಳು. ಫ್ಯಾನು ಒಗ್ಗರಣೆಯ ಹೊಗೆಯನ್ನು ಒಂದಿಷ್ಟೂ ಬಿಡದೆ ಮಂಚದ ಮೇಲಿಂದ ಎಳೆದುಕೊಂಡು ಹೋಯಿತು. ಕೆಮ್ಮುತ್ತಿದ್ದ ಅತ್ತೆಯನ್ನು ನಾನು, ಮಾಮಾ ಹಿಡಿದು ಅಂಗಳಕ್ಕೆ ತಂದೆವು.

"ಮಿಷನ್ ಏಕ್ದಂ ಚಲೋ ಅದ ಸಾಬ್," ಎಂದ ಮೇಸ್ತ್ರಿ. "ಹ್ಯಾಂಗ ಜಗ್ತು ನೋಡಿದ್ರಲ್ಲಾ!"

ಮಾಮಾ ಬೈಯಲಿಲ್ಲ. ಹೆಂಡತಿಯ ಬೆನ್ನು ನೀವುತ್ತ ಕುಳಿತಿದ್ದ. ಅವತ್ತು ನನ್ನನ್ನೂ "ವಾಪಸ್ ಯಾವಾಗ?" ಎಂದು ಕೇಳಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾಗಿದ್ದು ಆಗಲೇ.

ಕೆಮ್ಮು ನಿಂತ ಮೇಲೆ ಅತ್ತೆ ನೀರು ಕುಡಿದು ಹೇಳಿದಳು: "ಬೆಳಕಿಂಡಿ ಇದ್ದಾಗ ಇಷ್ಟು ತ್ರಾಸ ಇರಲಿಲ್ಲ."

"ಯಾವ ಬೆಳಕಿಂಡಿ?"

"ಮಂಚದ ಮ್ಯಾಲ ಮಾಳಿಗಿಗಿ ತೂತು ಇತ್ತಲ್ರಿ. ಬಂದ್ ಮಾಡಿದವರು ನೀವೇ ಅಲ್ಲೇನ್ರಿ?"

ಈ ಗಾಳಿಯ ವರದಿ ಪೂರ್ತಿಯಾಗಬೇಕೆಂದರೆ ಇದನ್ನೂ ಬರೆಯಬೇಕು: ಬಂದ್ ಮಾಡಿದವನು ಮಾಮಾನೇ. ನೌಕರಿ ಸಿಕ್ಕ ಹೊಸದರಲ್ಲಿ ಮಳೆಯ ನಾಲ್ಕು ಹನಿ ಮಂಚದ ಮೇಲೆ ಬಿದ್ದವಂತೆ. ಸಿಮೆಂಟ್ ಕಾರ್ಖಾನೆಯವನ ಮಾಳಿಗೆಗೆ ತೂತೇ? ಚಪ್ಪಡಿ ಹೇರಿ, ಸುತ್ತ ಸಿಮೆಂಟು ಮೆತ್ತಿ, ಮರೆತೂಬಿಟ್ಟಿದ್ದ. ಬಿಸಿಗಾಳಿ ಮೇಲೇರಿ ಹೊರಗೆ ಹೋಗುತ್ತಿದ್ದುದೇ ಆ ದಾರಿಯಿಂದ. ಲಾರಿ ಲಾರಿಗೂ ಹೊರದಾರಿ ವಿಚಾರಿಸಿದ ಮನುಷ್ಯ ಸ್ವಂತ ಮಲಗುವ ಕೋಣೆಯ ಗೇಟು ಮುಚ್ಚಿ ಕುಳಿತಿದ್ದ!

"ಮದ್ಲೇ ಹೇಳಬಾರದೇನು?"

"ನನಗ ಯಾರು ಕೇಳಿದ್ರಿ? ನೀವು ಗಾಳಿಗೇ ಕೇಳ್ಕೊಂತ ಅಡ್ಡಾಡಿದ್ರಿ."

ಮೇಸ್ತ್ರಿ ಮರುದಿನ ಮಾಳಿಗೆ ಹತ್ತಿದ. ಬೆಳಗಿನಿಂದ ಬಡಿದರೂ ಚಪ್ಪಡಿ ಅಲುಗಲಿಲ್ಲ. ಕೆಳಗೆ ನಿಂತ ಮಾಮಾನ ಮುಖದಲ್ಲಿ ಅರ್ಧ ಸಂಕಟ, ಅರ್ಧ ಹೆಮ್ಮೆ. "ನೋಡಿದ್ಯಾ ಅಳಿಯಾ, ಮಾಲು ಎಂಥಾದ್ದು!" ಮಧ್ಯಾಹ್ನಕ್ಕೆ ಕಿಂಡಿ ತೆರೆಯಿತು. ಅದರ ಸುತ್ತ ಗೇಣೆತ್ತರದ ಕಟ್ಟೆ ಕಟ್ಟಿ, ನಾಲ್ಕೂ ಬದಿಗೆ ಜಾಲರಿ ಕೂರಿಸಿ, ಮಳೆ ಬೀಳದಂತೆ ಅದೇ ಚಪ್ಪಡಿಯನ್ನು ಮೇಲೆ ಹೊದಿಸಿದರು. ಫ್ಯಾನು ಕಿತ್ತ ಜಾಗಕ್ಕೆ ಬೇವಿನ ನೆರಳಿನತ್ತ ತೆರೆಯುವ ಕಿಟಕಿ ಬಂತು. ಕೋಣೆಯ ಎಳೆಗಳು ಒಂದೊಂದಾಗಿ ಮೇಲಕ್ಕೆ ವಾಲತೊಡಗಿದಾಗ ಮಾಮಾ ಗೋಡೆಗೆ ಒರಗಿ ಕುಳಿತು, ಎರಡು ತಿಂಗಳಲ್ಲಿ ಮೊದಲ ಸಲ ಚಹಾ ಪೂರ್ತಿ ಕುಡಿದ.

ಮೊನ್ನೆ ಮಳೆ ಹಿಡಿದ ಮಧ್ಯಾಹ್ನ ಹೋಗಿದ್ದೆ. ಪಡಸಾಲೆ ತೊಯ್ದಿತ್ತು, ಅಲ್ಲಿ ಯಾರೂ ಇರಲಿಲ್ಲ. ಮನೆಯ ಎಳೆಗಳನ್ನೆಲ್ಲ ಮಾಮಾ ಬಿಚ್ಚಿಹಾಕಿದ್ದ. ಕೋಣೆಯಲ್ಲಿ ಅತ್ತೆ ಒಂದೇ ದಿಂಬಿನ ಮೇಲೆ ಅಡ್ಡಾಗಿ ಗಾಢ ನಿದ್ದೆಯಲ್ಲಿದ್ದಳು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡ ಮಾಮಾ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದ.

ಮಂಚದ ತಲೆಕಡೆಯ ಕಟ್ಟಿಗೆಗೆ ಕಟ್ಟಿದ ಒಂದು ಎಳೆ ಮಾತ್ರ ಉಳಿದಿತ್ತು. ಅದರ ತುದಿ ಅತ್ತೆಯ ಮೂಗಿನ ಹತ್ತಿರ ತೂಗುತ್ತಿತ್ತು.

"ಇದು ಯಾವ ಗಾಳಿಗ್ರಿ ಮಾಮಾ?" ಎಂದು ಪಿಸುಗುಟ್ಟಿದೆ.

ಎಳೆ ಅತ್ತ ಹೋಗಿ ಇತ್ತ ಬಂತು. ಮತ್ತೆ ಅತ್ತ ಹೋಯಿತು. ಅದು ತಿರುಗಿ ಬರುವ ತನಕ ಮಾಮಾ ಕಣ್ಣು ಕೀಳಲಿಲ್ಲ.

"ಇದು ನಿಮ್ಮತ್ತಿದು," ಎಂದ.