ಕೊಂಬು ಮುರಿದ ದಿನ

ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಅನಿಯೆಲ್ಲೋನ ಕೊರಳಲ್ಲಿದ್ದ ಹವಳದ ಕೊಂಬು ಸಿಕ್ಕಿಕೊಂಡು ಪಟ್ಟನೆ ಮುರಿಯಿತು. ದೃಷ್ಟಿ ತಾಗದಿರಲೆಂದು ಅವನಮ್ಮ ಕೊಟ್ಟದ್ದು. ತಗುಲಬೇಕಿದ್ದ ದೃಷ್ಟಿಯನ್ನು ಕೊಂಬೇ ನುಂಗಿತು, ಸರಿ. ಆದರೆ ಹೊಸದು ಬರುವ ತನಕ ಕೊರಳು ಬಾಗಿಲಿಲ್ಲದ ಮನೆಯಿದ್ದಂತೆ. ಅದೂ ಇವತ್ತೇ ಆಗಬೇಕೆ? ಬ್ರೆಡ್ಡಿನಂಗಡಿಯ ವಿಧವೆ ಫಿಲೊಮೆನಾಳನ್ನು ಮದುವೆಗೆ ಕೇಳಲು ವರ್ಷವಿಡೀ ಧೈರ್ಯ ಕೂಡಿಸಿ ಹೊರಟಿದ್ದ ಪಾಪ.

ಹವಳ ಕೆತ್ತುವವನಾದ್ದರಿಂದ ಅವನ ಅಂಗಡಿಯ ತುಂಬ ಕೊಂಬುಗಳೇ. ಆದರೇನು, ತೊರ್ರೆ ದೆಲ್ ಗ್ರೆಕೋ ಊರಿನಲ್ಲಿ ತನ್ನ ಕೊಂಬನ್ನು ತಾನೇ ಕಟ್ಟಿಕೊಂಡರೆ ಅದು ಕಾಯುವುದಿಲ್ಲ. ತಾನು ಕೇಳದೆಯೇ ಇನ್ನೊಬ್ಬರು ಕೊಡಬೇಕು.

ಎದುರು ಬಾಲ್ಕನಿಯಿಂದ ಎಲ್ಲ ಕಂಡಿದ್ದ ಅಸುಂತಾ ಅಜ್ಜಿ ಓಣಿಗೆಲ್ಲ ಕೇಳುವಂತೆ ಹೇಳಿದಳು. "ಕೊಂಬು ಮುರ್ಕೊಂಡು ಅವಳ ಹತ್ರ ಹೋಗ್ಬೇಡ ಕಣಪ್ಪ. ಒಬ್ಬ ಗಂಡನ್ನ ಕಳ್ಕೊಂಡಿದಾಳೆ, ಸಾಕು."

ಹೊರಟಿದ್ದ ಅನಿಯೆಲ್ಲೋ ಹಿಂದಿರುಗಿ ಅಂಗಡಿಯಲ್ಲಿ ಕೂತ.

ಸ್ವಲ್ಪ ಹೊತ್ತಿಗೆ ಪಾದ್ರಿ ಮನೆಯ ಅಡುಗೆಯವಳು ನುನ್ಸಿಯಾ ಬಂದಳು. "ಇರೋದ್ರಲ್ಲೇ ಚೆಂದದ ಕೊಂಬು ಕೊಡು. ಉಡುಗೊರೆಗೆ."

ಬುಡದಲ್ಲಿ ಪುಟ್ಟ ಗುಲಾಬಿ ಕೆತ್ತಿದ್ದನ್ನು ಕಟ್ಟಿಕೊಟ್ಟು, "ಯಾವನೋ ಪುಣ್ಯವಂತ" ಎಂದ.

"ಅದು ಅವನಿಗೆ ಗೊತ್ತಾಗ್ಬೇಕಲ್ಲ" ಎಂದು ಹೋದಳು.

ಯಾರಾದರೂ ತಾವಾಗೇ ಕೊಂಬು ಕೊಟ್ಟಾರೆಂದು ಅನಿಯೆಲ್ಲೋ ಸುಳಿವು ಕೊಡುತ್ತ ಓಣಿ ಸುತ್ತಿದ. "ಕೊರಳು ಬರಿದಾಗಿದೆ ನೋಡಯ್ಯಾ" ಎಂದರೆ ಕ್ಷೌರಿಕ ತತೊನ್ನೊ, "ಮಫ್ಲರ್ ಸುತ್ಕೋ, ಗಾಳಿಯಿದೆ" ಎಂದ. ಮೀನಿನವನು ಅಪಶಕುನವೆಂದು ಬುಟ್ಟಿಯನ್ನೇ ಆಚೆಗೆಳೆದುಕೊಂಡ. ಬ್ರೆಡ್ಡಿನಂಗಡಿ ದಾಟುವಾಗಲೆಲ್ಲ ಅನಿಯೆಲ್ಲೋ ಗೋಡೆಯ ಕಡೆ ಮುಖ ಮಾಡಿ ಹೆಜ್ಜೆ ಹಾಕಿದ. ತನ್ನ ಗ್ರಹಚಾರ ಅವಳಿಗೆ ತಗುಲಬಾರದು, ಅಷ್ಟೇ.

ಸಂಜೆ ತತೊನ್ನೊ ನಗುತ್ತ ಬಂದ. ಕೊರಳಲ್ಲಿ ಹವಳದ ಕೊಂಬು. ಬುಡದಲ್ಲಿ ಗುಲಾಬಿ.

"ಫಿಲೊಮೆನಾ ಕೊಟ್ಲು ಮಾರಾಯ. ಯಾರಿಗೋ ಅಂತ ನುನ್ಸಿಯಾ ಕೈಲಿ ತರಿಸಿದ್ಲಂತೆ. ಆ ಮಹಾಶಯ ಬೆಳಗಿಂದ ಅಂಗಡಿ ಮುಂದೇ ಓಡಾಡಿ, ಒಂದ್ಸಲಾನೂ ಇವಳ ಕಡೆ ನೋಡ್ಲಿಲ್ವಂತೆ. ಕಣ್ಣಲ್ಲಿ ನೀರು. ಬ್ರೆಡ್ಡಿಗೆ ಹೋದೋನು ನಾನೇ ಸಮಾಧಾನ ಮಾಡ್ದೆ. ಭಾನುವಾರ ಊಟಕ್ಕೆ ಕರೆದಿದ್ದಾಳೆ."

ಅನಿಯೆಲ್ಲೋ ಕೈಲಿದ್ದ ಉಳಿ ಕೆಳಗಿಟ್ಟ. "ಹೆಸರು ಹೇಳಿದ್ಲಾ?"

"ಇಲ್ಲಪ್ಪ. ಯಾವನೋ ದಡ್ಡ." ತತೊನ್ನೊ ಜೇಬಿನಿಂದ ತನ್ನ ಹಳೆಯ ಕೊಂಬು ತೆಗೆದ. "ಇದು ನಂಗಿನ್ನು ಬೇಡ, ನೀನಿಟ್ಕೋ. ನೀನು ಕೇಳದೇ ಕೊಡ್ತಿದೀನಿ, ಕೆಲಸ ಮಾಡುತ್ತೆ."

ಒಂದೇ ಒಂದು ಸಲ ತಿರುಗಿ ನೋಡಿದ್ದರೆ ಸಾಕಿತ್ತು. ಅನಿಯೆಲ್ಲೋ ಕೊಂಬನ್ನು ಕಟ್ಟಿಕೊಂಡ. ಪ್ಲಾಸ್ಟಿಕ್ಕಿನದು. ಇನ್ನು ಅವನಿಗೆ ಯಾರ ದೃಷ್ಟಿಯೂ ತಾಗುವಂತಿರಲಿಲ್ಲ.